ಎರಡನೇ ಭಾಗದಲ್ಲಿ ಸಾಯಲು ಒಪ್ಪದ ಇಂದಲೇಸಿಯೋ

ತಬೆರ್ನಾಸ್ ಊರಿನ ಇಂದಲೇಸಿಯೋ ಹುಲ್ಲು ಕೊಯ್ದು ಹಗ್ಗ ಹೊಸೆಯುವವನು. ಇಟಲಿಯ ಸಿನಿಮಾದವರು ಬಂದು ಊರಾಚೆಯ ಬೋಳು ಗುಡ್ಡಗಳ ನಡುವೆ ಹಲಗೆಯ ಅಮೆರಿಕ ಕಟ್ಟಿದ ಮೇಲೆ ಕೌಬಾಯ್ ಸಿನಿಮಾಗಳಲ್ಲಿ ಸಾಯುವ ಕೆಲಸವೂ ಅವನಿಗೆ ಸಿಕ್ಕಿತು. ಸಾಯುವುದರಲ್ಲಿ ಅವನದು ಪಳಗಿದ ಕೈ. ಒಂದು ಸಿನಿಮಾದಲ್ಲಿ ಹೆಂಡದಂಗಡಿಯ ಮಾಡಿನಿಂದ ಉರುಳಿ ಬಿದ್ದು, ಮೂಗಿನ ಮೇಲೆ ನೊಣ ಕೂತರೂ ಅಲುಗಾಡದೆ ಮಲಗಿದ್ದ. ಕ್ಯಾಮೆರಾದವನಿಗೆ ಆ ನೊಣ ಬಹಳ ಹಿಡಿಸಿತು. ಪರದೆ ತುಂಬ ಇಂದಲೇಸಿಯೋನ ಮುಖ, ಅದರ ಮೇಲೆ ನೊಣ.

ಅವನ ಅತ್ತೆ ಅಂಗುಸ್ತಿಯಾಸ್‌ಗೆ ಮಾತ್ರ ಇದರಿಂದ ತಲೆ ಎತ್ತಲಾಗದಂತಾಗಿತ್ತು. ಅಕ್ಕಪಕ್ಕದವರನ್ನೆಲ್ಲ ಕಟ್ಟಿಕೊಂಡು ಸಿನಿಮಾಕ್ಕೆ ಹೋಗುತ್ತಿದ್ದಳು. ಹೋಗಿ ಕೂರುವಷ್ಟರಲ್ಲಿ ಅಳಿಯ ಸತ್ತಿರುತ್ತಿದ್ದ.

"ಅಲ್ಲಪ್ಪಾ ಅಳಿಯ ದೇವ್ರೇ, ಹುರ್ದ ಬೀಜದ ಪೊಟ್ಣ ಬಿಚ್ಚೋವರ್ಗಾದ್ರೂ ಜೀವ ಹಿಡ್ಕೊಳಕ್ಕಾಗಲ್ವಾ? ನನ್ ಮಗಳನ್ನ ಇನ್ನೆಷ್ಟು ಸಲ ವಿಧವೆ ಮಾಡ್ತೀಯ?" ಅಂದಳು.

ಒಂದೇ ಒಂದು ಸಿನಿಮಾದಲ್ಲಾದರೂ ಕೊನೆಯವರೆಗೂ ಬದುಕಿರಬೇಕು ಎಂದು ಇಂದಲೇಸಿಯೋ ಮನಸ್ಸಿನಲ್ಲೇ ಹಠ ಹಿಡಿದ.

ಆ ನೊಣದ ಸಿನಿಮಾ ಚೆನ್ನಾಗಿ ಓಡಿತು. ಇಟಲಿಯವರು ಎರಡನೇ ಭಾಗ ತೆಗೆಯಲು ಬಂದರು. ಜನರನ್ನು ಆರಿಸುವ ಗುವಾಲ್ತಿಯೆರೋ ಇವನನ್ನು ಕಂಡ ಕೂಡಲೇ ಬೇಡವೆಂದು ಕೈ ಬೀಸಿದ. ಮೊದಲನೇ ಭಾಗದಲ್ಲಿ ಸತ್ತವನು ಎರಡನೆಯದರಲ್ಲಿ ತಿರುಗಾಡಿದರೆ ನೋಡುವವರು ನಗುತ್ತಾರೆ ಎಂದ. ಇಂದಲೇಸಿಯೋ ಮನೆಗೆ ಹೋಗಿ, ಮದುವೆಗೂ ತೆಗೆಯದ ಮೀಸೆ ಬೋಳಿಸಿಕೊಂಡು ಬಂದ. ಮೂಗು ಅದೇ ಇದೆಯಲ್ಲ ಎಂದು ಗುವಾಲ್ತಿಯೆರೋ ಗೊಣಗಿದ. ಕೊನೆಗೆ ಮರುಕ ಬಂದು ಒಂದು ಅಗಲ ಟೋಪಿ ಕೊಟ್ಟು, ಮೂಗಿನವರೆಗೂ ಎಳೆದುಕೊಂಡು ಗುಂಪಿನಲ್ಲಿ ನಿಂತಿರಲು ಹೇಳಿದ. ಏನೇ ಆದರೂ ಟೋಪಿ ತೆಗೆಯಕೂಡದು.

ಅಂದಿನ ದೃಶ್ಯ ಇಷ್ಟೆ. ಕಳ್ಳರ ಮುಖಂಡನ ಶವಪೆಟ್ಟಿಗೆ ಗಾಡಿಯಲ್ಲಿ ಬರುತ್ತದೆ, ಜನ ಉಗಿಯುತ್ತಾರೆ, ಹಿಂದೆ ಬ್ಯಾಂಕು ಸಿಡಿದು ಬೀಳುತ್ತದೆ. ಬ್ಯಾಂಕು ಇದ್ದದ್ದು ಒಂದೇ, ಇನ್ನೊಮ್ಮೆ ಸಿಡಿಸುವಂತಿಲ್ಲ.

ಗಾಡಿ ಬಂತು. ತಬೆರ್ನಾಸಿನಲ್ಲಿ ಹೆಣ ಹಾದುಹೋದರೆ ಗಂಡಸರು ಟೋಪಿ ತೆಗೆಯುತ್ತಾರೆ. ಯಾರದು ಎಂದು ಕೇಳುವುದಿಲ್ಲ. ಪೆಟ್ಟಿಗೆ ಖಾಲಿ ಎಂದು ಎಲ್ಲರಿಗೂ ಗೊತ್ತಿತ್ತು. ಬೆಳಿಗ್ಗೆ ಅದರಲ್ಲೇ ಕಲ್ಲಂಗಡಿ ಹಣ್ಣು ಹೊತ್ತು ತಂದಿದ್ದರು. ಆದರೂ ಉಗಿಯಬೇಕಾದವರೆಲ್ಲ ಟೋಪಿ ತೆಗೆದು ಎದೆಗೆ ಹಿಡಿದು ತಲೆ ತಗ್ಗಿಸಿದರು. ಇಂದಲೇಸಿಯೋನ ಕೈಯೂ ತಾನಾಗಿ ಮೇಲೆ ಹೋಯಿತು. ಮುಖ ಬಿಸಿಲಿಗೆ ಬಿತ್ತು. ಅದೇ ಹೊತ್ತಿಗೆ ಬ್ಯಾಂಕು ಸಿಡಿದು ಚೂರಾಯಿತು.

ಗುವಾಲ್ತಿಯೆರೋ ನೆಲದ ಮೇಲೆ ಕೂತುಬಿಟ್ಟ. ಬ್ಯಾಂಕು ಸಿಡಿದದ್ದು ಬೇಕು ಎಂದರೆ ಆ ಮುಖವೂ ಬೇಕು. ತುಂಬ ಹೊತ್ತು ಯೋಚಿಸಿ, ಇಂದಲೇಸಿಯೋನನ್ನು ಮೊದಲನೇ ಭಾಗದಲ್ಲಿ ಸತ್ತವನ ತಮ್ಮ ಎನ್ನೋಣ ಎಂದ. ತಮ್ಮ ಎಂದ ಮೇಲೆ ಸೇಡು ತೀರಿಸಲು ಬರಬೇಕು. ಸಿನಿಮಾದ ನಾಯಕ ಅವನನ್ನು ಗುಂಡಿಟ್ಟು ಕೊಲ್ಲುತ್ತಾನೆ. ಅದಕ್ಕೆ ಮುಂಚೆ ಕುದುರೆ ಉಂಟು, ಆಡಲು ಮಾತೂ ಉಂಟು. ಊರಿನವರು ಹೊಟ್ಟೆ ಉರಿಸಿಕೊಂಡರು.

"ಸಾಯಲ್ಲ ಸ್ವಾಮಿ," ಅಂದ ಇಂದಲೇಸಿಯೋ.

"ಏನಯ್ಯಾ?"

"ತಮ್ಮ ಆಗ್ತೀನಿ. ಸಾಯಲ್ಲ."

"ಅವ್ನು ಪಿಸ್ತೂಲ್ ತೆಗೀತಾನಲ್ಲಯ್ಯಾ. ನೀನೇನ್ ಮಾಡ್ತೀಯ ಮತ್ತೆ?"

"ಓಡೋಗ್ತೀನಿ."

ಕುದುರೆಯೂ ಇಲ್ಲ, ಮಾತೂ ಇಲ್ಲ ಎಂದು ಗುವಾಲ್ತಿಯೆರೋ ಹೆದರಿಸಿ ನೋಡಿದ. ಅವೆರಡೂ ಬೇಡ ಎಂದ ಇಂದಲೇಸಿಯೋ. ಹಾಗೇ ಆಯಿತು. ನಾಯಕ ಪಿಸ್ತೂಲು ತೆಗೆದ. ಇಂದಲೇಸಿಯೋ ತನ್ನದನ್ನು ಮೆಲ್ಲನೆ ನೆಲಕ್ಕಿಟ್ಟು ಗುಡ್ಡದ ಕಡೆ ಓಡಿದ. ಸಾಕು ಎಂದು ಕೂಗಿದರೂ ನಿಲ್ಲಲಿಲ್ಲ.

ಮುಂದಿನ ಬೇಸಿಗೆಗೆ ಸಿನಿಮಾ ಊರಿಗೆ ಬಂತು. ಅವನು ಓಡಿದ್ದನ್ನು ನೋಡಿ ಜನ ಬೆಂಚು ಬಡಿದು ನಕ್ಕರು. ಹೇಡಿ ಎಂದರು. ಕೊನೆಗೆ ಪರದೆಯ ಮೇಲೆ ಹೆಣಗಳ ರಾಶಿ ಬಿದ್ದಿತ್ತು. ಆಗ ಅಂಗುಸ್ತಿಯಾಸ್ ಎದ್ದು ಹಿಂದಿನ ಸಾಲಿಗೆ ತಿರುಗಿದಳು.

"ನಗ್ರೇ, ನಗ್ರಿ. ನಿಮ್ ಗಂಡಂದ್ರೆಲ್ಲ ಅಲ್ ಬಿದ್ದವ್ರೆ ನೋಡ್ರಿ. ನಮ್ಮೋನು ಗುಡ್ಡ ದಾಟ್ದ."

ಇಂದಲೇಸಿಯೋ ಮಾತ್ರ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಸಿನಿಮಾ ಇನ್ನೂ ಸ್ವಲ್ಪ ಬಾಕಿ ಇತ್ತು. ಪರದೆಯ ಮೇಲಿನ ತನಗೆ ಹಿಂದಿನಿಂದ ಯಾರಾದರೂ ಗುಂಡು ಹೊಡೆದುಬಿಟ್ಟಾರು ಎಂಬ ಭಯ ಅವನಿಗೆ.