ಓಡದೆ ಕಳೆದ ಬೇಸಿಗೆ

ಆಗೆಲ್ಲ ನಮ್ಮ ದೇವನೂರಿನಲ್ಲಿ ಮಕ್ಕಳಿಗೆ ಜ್ವರ ಬಂದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಒಂದು ಲೋಟ ಮೆಣಸಿನ ಕಷಾಯ ಕುಡಿಸಿ ಕಂಬಳಿ ಹೊದಿಸುತ್ತಿದ್ದರು. ಬೆವರು ಬಿಟ್ಟಿತೆಂದರೆ ನಾವು ಎದ್ದು ಆಟಕ್ಕೆ ಓಡುತ್ತಿದ್ದೆವು.

ನಾನು ಎರಡನೇ ಕ್ಲಾಸಿನಲ್ಲಿದ್ದಾಗ, ಶಿವರಾತ್ರಿ ಕಳೆದ ಮೇಲೆ ಬಂದ ಜ್ವರ ಮಾತ್ರ ಹಾಗೆ ಬಿಡಲಿಲ್ಲ. ಕಣ್ಣು ಕೆಂಡದ ಹಾಗಾಯಿತು. ತುಟಿ ಒಡೆದು ರಕ್ತ ಜಿನುಗಿತು. ನಾಲಿಗೆ ಕೆಂಪಗೆ ತರಿತರಿಯಾಗಿ ಅನ್ನ ಸೋಕಿದರೂ ಉರಿಯುತ್ತಿತ್ತು. ಮೈಮೇಲೆ ದದ್ದು ಎದ್ದಾಗ ಅಜ್ಜಿ ತೀರ್ಪು ಕೊಟ್ಟೇಬಿಟ್ಟಳು: "ಅಮ್ಮ ಬಂದವ್ಳೆ. ಆಸ್ಪತ್ರೆ ಗೀಸ್ಪತ್ರೆ ಅನ್ಬೇಡಿ, ತಾನೇ ಇಳ್ದೋಯ್ತಾಳೆ."

ಬೇವಿನ ಸೊಪ್ಪು ಹಾಸಿ ಮಲಗಿಸಿದರು. ಅವ್ವ ಮಜ್ಜಿಗೆ ಅನ್ನ ಕಿವುಚಿ ತುತ್ತು ಮಾಡಿ ಬಾಯಿಗಿಡುತ್ತಿದ್ದಳು, ನಾನು ಉಗುಳುತ್ತಿದ್ದೆ. ಎರಡನೇ ವಾರ ಜ್ವರ ತಗ್ಗಿದಂತಾಗಿ, ಬೆರಳ ತುದಿಯ ಚರ್ಮ ಈರುಳ್ಳಿ ಸಿಪ್ಪೆಯಂತೆ ಸುಲಿದು ಬರತೊಡಗಿತು. ಅದನ್ನು ನೋಡಿದ ಅವ್ವ ಅಜ್ಜಿಯ ಮಾತು ಮೀರಿ ನನ್ನನ್ನು ಸೊಂಟಕ್ಕೇರಿಸಿಕೊಂಡು ನಂಜನಗೂಡಿನ ಬಸ್ಸು ಹತ್ತಿದಳು. ಅಲ್ಲಿನ ಆಸ್ಪತ್ರೆಯವರು ನಮ್ಮನ್ನು ಮೈಸೂರಿಗೆ ಕಳಿಸಿದರು.

ಮೈಸೂರಿನ ಡಾಕ್ಟರಮ್ಮ ಎದೆಗೆ ತಣ್ಣನೆಯ ಲೋಳೆ ಸವರಿ, ಮಿಷನ್ ಒತ್ತಿ, ಟೀವಿಯಂಥದ್ದನ್ನು ಬಹಳ ಹೊತ್ತು ನೋಡಿದರು.

"ಇದು ಅಮ್ಮ ಅಲ್ಲಮ್ಮ. ರಕ್ತನಾಳಗಳು ಊದಿಕೊಳ್ಳೋ ಕಾಯಿಲೆ. ಕವಾಸಾಕಿ ಅಂತಾರೆ."

ಸುದ್ದಿ ತಿಳಿದು ಬಂದಿದ್ದ ಅಪ್ಪ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ. "ಗಾಡಿ ಹೆಸರಿದ್ದಂಗದಲ್ಲ ಮೇಡಂ," ಅಂದ.

"ಹೃದಯಕ್ಕೇ ರಕ್ತ ಕೊಡೋ ಸಣ್ಣ ನಾಳಗಳಿರ್ತಾವೆ. ಅದರಲ್ಲೊಂದು ಒಂದು ಕಡೆ ಬಲೂನಿನ ಥರ ಉಬ್ಬಿದೆ. ಜ್ವರ ಬಂದ ಮೊದಲ ವಾರದಲ್ಲೇ ಕರ್ಕೊಂಡು ಬಂದಿದ್ರೆ..." ಅಂದವರು ಅವ್ವನ ಮುಖ ನೋಡಿ ಮಾತು ನಿಲ್ಲಿಸಿದರು.

ಕೈಗೆ ಸೂಜಿ ಚುಚ್ಚಿ ಬಾಟಲಿ ಔಷಧಿ ಏರಿಸಿದರು. ಮನೆಗೆ ಬಿಡುವಾಗ ಡಾಕ್ಟರಮ್ಮ ಮತ್ತೆ ಕರೆದು ಹೇಳಿದರು. ಉಬ್ಬಿದ ಕಡೆ ರಕ್ತ ಹೆಪ್ಪುಗಟ್ಟಬಾರದು, ಅದಕ್ಕೆ ದಿನಾ ಮಾತ್ರೆ ಕೊಡಬೇಕು. ಓಡುವ, ಬೀಳುವ ಆಟ ಬೇಡ. ಈ ಮಾತ್ರೆ ತೆಗೆದುಕೊಳ್ಳುವಾಗ ಸೀತಾಳೆ ಸಿಡುಬು ಅಂಟಿದರೆ ಅಪಾಯ, ಅಂಥವರ ಹತ್ತಿರ ಬಿಡಬೇಡಿ.

ಅವ್ವ ಒಂದೊಂದು ಮಾತಿಗೂ ತಲೆಯಾಡಿಸಿದಳು.

ಬೇಸಿಗೆ ರಜ ಬಂತು. ಬೀದಿಯಲ್ಲಿ ಕುಂಟೆಬಿಲ್ಲೆ, ಕಳ್ಳ-ಪೊಲೀಸು ಶುರುವಾದವು. ನಾನು ಜಗಲಿಯ ಮೇಲೆ ಕೂತೆ. ಮೊದಮೊದಲು ಪಕ್ಕದ ಮನೆಯ ಸವಿತಾ ಬಂದು ಕೂತು ಒಂದು ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿ ಇಬ್ಬರಿಗೂ ಪಾಲು ಮಾಡುತ್ತಿದ್ದಳು. ಒಂದು ದಿನ ನನ್ನ ಎದೆಗೆ ಕಿವಿಯಿಟ್ಟು ಕೇಳಿದಳು.

"ಎಲ್ರುದ್ರಂಗೇ ಬಡ್ಕತಾ ಅದೆ ಕಣೇ."

"ಒಳಗಡೆ ಬಲೂನ್ ಅದಂತೆ."

ಅವಳು ಸರಕ್ಕನೆ ಹಿಂದೆ ಸರಿದಳು. "ಒಡ್ದೋದ್ರೆ?"

ಗೊತ್ತಿಲ್ಲ ಅಂದೆ. ಮಾರನೆಯ ದಿನದಿಂದ ಅವಳು ಬರಲಿಲ್ಲ.

ಅಷ್ಟರಲ್ಲಿ ತಮ್ಮ ಚಂದುವಿಗೆ ನಿಜವಾಗಿಯೂ ಸಿಡುಬಾಯಿತು. ಮೊದಲ ನೀರುಗುಳ್ಳೆ ಕಂಡ ಬೆಳಿಗ್ಗೆಯೇ ಅವ್ವ ನನ್ನ ಬಟ್ಟೆ ಗಂಟು ಕಟ್ಟಿದಳು. ಅಪ್ಪ ನನ್ನನ್ನು ನರಸೀಪುರದ ದೊಡ್ಡಮ್ಮನ ಮನೆಗೆ ಬಿಟ್ಟು ಬಂದ.

ದೊಡ್ಡಮ್ಮ ಅವ್ವನ ಅಕ್ಕ, ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಬ್ಲೌಸ್ ಹೊಲಿಯುತ್ತಿದ್ದಳು. ಕೆಟ್ಟವಳಲ್ಲ, ಮಾತು ಕಡಿಮೆ. ಹೊತ್ತಿಗೆ ಸರಿಯಾಗಿ ಮಾತ್ರೆ ಕೊಟ್ಟು, ಮೊಸರನ್ನ ಇಟ್ಟು, ಮತ್ತೆ ಮಿಷನ್ ಮುಂದೆ ಕೂರುತ್ತಿದ್ದಳು. ನಾನು ಅಳಿಗುಳಿ ಮಣೆಗೆ ಹುಣಸೆಬೀಜ ಹಾಕಿ ಎರಡೂ ಕಡೆ ನಾನೇ ಆಡುತ್ತಿದ್ದೆ. ಗೆದ್ದವಳೂ ನಾನೇ, ಸೋತವಳೂ ನಾನೇ. ಮಿಷನ್ ಎಣ್ಣೆಯ ವಾಸನೆ, ಹೊರಗೆ "ಮೈಸೂರ್ ಮೈಸೂರ್ ಮೈಸೂರ್" ಎಂಬ ಕೂಗು. ನಮ್ಮೂರಿನ ಹೆಸರು ಯಾರೂ ಕೂಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವ್ವ ಬಂದಳು. ಒಳಗೆ ಬರಲಿಲ್ಲ. ಬೀದಿಯಾಚೆ, ಮುಚ್ಚಿದ್ದ ಅಂಗಡಿಯ ನೆರಳಲ್ಲಿ ನಿಂತಳು.

"ಮಂಜೂ, ಅಲ್ಲೇ ನಿಂತ್ಕ ಕೂಸು. ನನ್ ಮೈಯಿಂದ ಅಂಟ್ಕಂಡಾತು."

ನಾನು ಬಾಗಿಲಲ್ಲಿ ನಿಂತೆ. ನಡುವೆ ಸೈಕಲ್ಲು, ಆಟೋ ಓಡಾಡುತ್ತಿದ್ದವು. ಅವ್ವ ಕೂಗಿ ಕೇಳಿದಳು, "ಉಂಡಾ? ಮಾತ್ರೆ ತಗಂಡಾ? ಓಡಿಲ್ಲ ತಾನೆ?"

"ಓಡಿಲ್ಲ. ಮನ್ಗೆ ಕರ್ಕೊಂಡೋಗವ್ವ."

"ಕರ್ಕೊಂಡೋಯ್ತೀನಿ ಕಣವ್ವ. ಚಂದುಗೆ ವಾಸಿ ಆಗ್ಬುಡ್ಲಿ."

ತಂದಿದ್ದ ಕಡಲೆ ಉಂಡೆಗಳನ್ನು ದೊಡ್ಡಮ್ಮ ಹೋಗಿ ಇಸಿದುಕೊಂಡು ಬಂದಳು. ನಾನು ಮೆಟ್ಟಿಲಿಳಿದೆ. ಅವ್ವ ಎರಡೂ ಕೈ ಅಡ್ಡ ಹಿಡಿದು ಹಿಂದಕ್ಕೆ ಹೆಜ್ಜೆಯಿಟ್ಟಳು. ನನ್ನ ತಾಯಿ ನನ್ನನ್ನು ಕಂಡು ಹಿಂದೆ ಸರಿದಳು. ನಾನು ಅಳಲಿಲ್ಲ. ಒಳಗೆ ಹೋಗಿ ಬಾಗಿಲ ಸಂದಿಯಿಂದ ನೋಡಿದೆ. ಅವ್ವ ಅಲ್ಲೇ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು.

ಚಂದುವಿಗೆ ವಾಸಿಯಾಗಿ ನಾನು ಮನೆಗೆ ಬಂದ ಮೇಲೆ, ಮುಂದಿನ ಸಲ ಮೈಸೂರಿಗೆ ಹೋದಾಗ ಅವ್ವ ಇದನ್ನೆಲ್ಲ ಡಾಕ್ಟರಮ್ಮನಿಗೆ ಹೇಳಿದಳು, ಎಷ್ಟು ಜೋಪಾನ ಮಾಡಿದೆ ನೋಡಿ ಎನ್ನುವ ಹಾಗೆ. ಅವರು ಕೇಳಿದರು, "ನಿಮಗೆ ಚಿಕ್ಕಂದಿನಲ್ಲಿ ಸಿಡುಬು ಆಗಿತ್ತಾ?"

"ಆಗಿತ್ತು."

"ಹಾಗಾದ್ರೆ ಕೈಕಾಲು ತೊಳ್ಕೊಂಡು ಮಗೂನ ಎತ್ಕೋಬಹುದಿತ್ತಮ್ಮ. ನಿಮ್ಮಿಂದ ಏನೂ ಅಂಟ್ತಿರಲಿಲ್ಲ."

ಬಸ್ಸಿನಲ್ಲಿ ಊರು ಮುಟ್ಟುವ ತನಕ ಅವ್ವ ನನ್ನನ್ನು ಮಡಿಲಿನಿಂದ ಇಳಿಸಲಿಲ್ಲ. ಹಿಡಿತ ಮಾತ್ರ ಬಿಗಿಯಾಗಿರಲಿಲ್ಲ. ತುಂಬಿದ ಚೆಂಬನ್ನು ಹಿಡಿದಂತೆ ಹಿಡಿದಿದ್ದಳು.

ಎರಡು ಬೇಸಿಗೆ ಕಳೆದ ಮೇಲೆ ಉಬ್ಬಿದ್ದ ನಾಳ ಬಹುಪಾಲು ಇಳಿಯಿತು. ಓಡಬಹುದು ಅಂದರು. ಸಂಜೆಯೇ ಬೀದಿಗಿಳಿದೆ. ಸವಿತಾ ಎಲ್ಲರಿಗೂ ಕೂಗಿ ಹೇಳಿದಳು, "ಮಂಜಿ ಆಟಕ್ಕುಂಟು, ಲೆಕ್ಕಕ್ಕಿಲ್ಲ ಕಣ್ರೇ!" ಪುಟ್ಟ ಮಕ್ಕಳಿಗೆ ಹೇಳುವ ಮಾತು. ನಾನು ಒಂದೇ ಉಸಿರಿಗೆ ಓಡಿದೆ. ಹಿಂದಿರುಗಿ ನೋಡಿದರೆ ಯಾರೂ ಅಟ್ಟಿಸಿಕೊಂಡು ಬಂದಿರಲಿಲ್ಲ.

ಈಗ ನಂಜನಗೂಡಿನಲ್ಲಿ ಕೆಲಸ ಮಾಡುತ್ತೇನೆ. ವರ್ಷಕ್ಕೊಮ್ಮೆ ಹೃದಯದ ಸ್ಕ್ಯಾನ್ ಇದೆ, ಅದು ಬಿಟ್ಟರೆ ಎಲ್ಲರಂತೆ ಇದ್ದೇನೆ. ಆ ಬೇಸಿಗೆ ತೆಗೆದುಕೊಂಡು ಹೋದದ್ದು ಆಟವಷ್ಟೇ ಅಂತ ಬಹಳ ಕಾಲ ಅಂದುಕೊಂಡಿದ್ದೆ. ಜ್ವರಕ್ಕೆ ಮುಂಚೆ ಅವ್ವ ನನ್ನನ್ನು ಬಾಯಿತುಂಬ ಬೈಯುತ್ತಿದ್ದಳು, ಬೆನ್ನಿಗೆ ಗುದ್ದುತ್ತಿದ್ದಳು, ಗುದ್ದಿದ ಕೈಯಲ್ಲೇ ತಲೆ ಬಾಚುತ್ತಿದ್ದಳು. ಆಮೇಲೆ ಚಂದುವಿಗೆ ಬೀಳುವ ಏಟು ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಬೇಕೆಂದೇ ಹಾಲು ಚೆಲ್ಲಿದ್ದೇನೆ, ಎದುರು ಮಾತಾಡಿದ್ದೇನೆ. ಅವ್ವ ಸುಮ್ಮನೆ ನೆಲ ಒರೆಸಿದಳು.

ಇವತ್ತಿಗೂ ನಾನು ತಪ್ಪು ಮಾಡಿದರೆ ಅವ್ವ ದನಿ ತಗ್ಗಿಸುತ್ತಾಳೆ.