ಮದುವೆ ಗೊತ್ತಾಗಿದೆ ಎಂದು ಬರೆದರು

ಅವರ ಬಲಗೈಯ ಎರಡು ಬೆರಳುಗಳ ತುದಿ ಸದಾ ಹಳದಿಯಾಗಿರುತ್ತಿತ್ತು. ನಮ್ಮ ಬೀದಿಯ ಹೆಂಗಸರು ಅದನ್ನು ಅರಿಶಿನವೆಂದೇ ತಿಳಿದಿದ್ದರು. "ಅರಿಶಿನ ಅಲ್ಲ ಕಣ್ರೀ, ನೈಟ್ರಿಕ್ ಆಸಿಡ್," ಎಂದು ಹೇಳಿ ಅವರು ಬಸ್ಸಿಗೆ ನಡೆದುಬಿಡುತ್ತಿದ್ದರು.

ಐವತ್ತರ ದಶಕ. ರಾಜಾಜಿನಗರದಲ್ಲಿ ಆಗಿನ್ನೂ ಮನೆಗಳು ಏಳುತ್ತಿದ್ದವು. ಅವರು ನಮ್ಮ ಎದುರುಮನೆಯ ಅಕ್ಕ. ನಾನು ಓದುತ್ತಿದ್ದ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಡೆಮಾನ್ಸ್ಟ್ರೇಟರ್. ಒಮ್ಮೆ ಸ್ವಿಟ್ಜರ್ಲೆಂಡಿನ ವಿಶ್ವವಿದ್ಯಾಲಯವೊಂದರ ಪ್ರಾಧ್ಯಾಪಕರು ಉಪನ್ಯಾಸಕ್ಕೆ ಬಂದವರು, ಬೇವಿನೆಣ್ಣೆಯ ಮೇಲೆ ಅಕ್ಕ ಮಾಡುತ್ತಿದ್ದ ಪ್ರಯೋಗವನ್ನು ಬಹಳ ಹೊತ್ತು ನಿಂತು ನೋಡಿದರು. ತಮ್ಮ ಪ್ರಯೋಗಾಲಯದಲ್ಲಿ ಸಂಶೋಧನಾ ಸಹಾಯಕರ ಹುದ್ದೆಯಿದೆ, ಕಾಲೇಜಿನ ಮೂಲಕ ಬರೆಯುತ್ತೇನೆ ಎಂದರು. ಅಂದಿನಿಂದ ಅಕ್ಕ ಅಕ್ಕಿ ತೊಳೆಯುವಾಗಲೂ ಜರ್ಮನ್ ಕ್ರಿಯಾಪದ ಬಾಯಿಪಾಠ ಮಾಡುತ್ತಿದ್ದರು.

ತಿಂಗಳುಗಳು ಕಳೆದವು. ಕೇಳಿದಾಗಲೆಲ್ಲ ವಿಭಾಗದ ಮುಖ್ಯಸ್ಥರು, "ಇನ್ನೂ ಏನೂ ಬಂದಿಲ್ಲಮ್ಮ," ಎನ್ನುತ್ತಿದ್ದರು. ಕೊನೆಗೊಂದು ದಿನ ಬೀಳ್ಕೊಡುಗೆ ಸಭೆ ಏರ್ಪಾಡಾಯಿತು. ಆ ಹುದ್ದೆಗೆ ಹೊರಟು ನಿಂತವನು ಮುಖ್ಯಸ್ಥರ ಅಳಿಯ. ಅಕ್ಕನಿಗೆ ಮದುವೆ ಗೊತ್ತಾಗಿದೆ, ಅವರು ಬರುವುದಿಲ್ಲ ಎಂದು ಮುಖ್ಯಸ್ಥರೇ ಸ್ವಿಟ್ಜರ್ಲೆಂಡಿಗೆ ಬರೆದಿದ್ದರೆಂದು ಸಹೋದ್ಯೋಗಿಯೊಬ್ಬರು ಆ ಬೆಳಿಗ್ಗೆ ಬಾಯಿಬಿಟ್ಟಿದ್ದರು.

ಅಳಿಯನಿಗೆ ಹಾರ ಹಾಕುವ ಹೊತ್ತಿಗೆ ಅಕ್ಕ ಎದ್ದು ನಿಂತರು. "ಸಾರ್, ನನಗೆ ಮದುವೆ ಗೊತ್ತಾಗಿದೆ ಅಂತ ಬರೆದಿದೀರಂತೆ. ಹುಡುಗ ಯಾರು ಅಂತ ನನಗೂ ಹೇಳಿ."

"ಕೂತ್ಕೊಳಮ್ಮ. ನಿನ್ನ ಒಳ್ಳೇದಕ್ಕೇ ಮಾಡಿದ್ದು. ಒಂಟಿ ಹೆಣ್ಣು ಅಷ್ಟು ದೂರ ಹೋದ್ರೆ ನಾಳೆ ಜನ ನನ್ನ ಕೇಳಲ್ವಾ?"

"ಕೇಳಿದ್ರೆ ನನ್ನ ಹತ್ರ ಕಳಿಸಿ. ಉತ್ತರ ನಾನ್ ಕೊಡ್ತೀನಿ."

ಅಷ್ಟು ಹೇಳಿ ಹೊರನಡೆದರು. ಅವರ ಹಿಂದೆ ಎದ್ದು ಹೋದವರು ನಾವು ಕೆಲವು ಹುಡುಗಿಯರು ಮಾತ್ರ. ಮೇಷ್ಟ್ರುಗಳೆಲ್ಲ ತಲೆ ತಗ್ಗಿಸಿ ಮೈಸೂರುಪಾಕು ತಿಂದರು.

ಸ್ವಿಟ್ಜರ್ಲೆಂಡಿನವರಿಗೆ ಅಕ್ಕ ತಾವೇ ಬರೆದರು. ಹುದ್ದೆ ತುಂಬಿದೆ, ವಿಷಾದಿಸುತ್ತೇವೆ ಎಂದು ಉತ್ತರ ಬಂತು. ಇತ್ತ ಕಾಲೇಜಿನಲ್ಲಿ ಅವರನ್ನು ಪ್ರಯೋಗಾಲಯದಿಂದ ತೆಗೆದು ಬಾಟಲಿಗಳ ಉಗ್ರಾಣಕ್ಕೆ ಹಾಕಿದರು.

"ಬಿಡೇ, ನಿನ್ನ ಹಣೇಲಿ ಬರೆದಿರ್ಲಿಲ್ಲ," ಎಂದು ಅವರ ತಾಯಿ ಸಮಾಧಾನ ಹೇಳಿದರೆ, ಅಕ್ಕ ಒಪ್ಪಲಿಲ್ಲ. "ಹಣೇಲಲ್ಲಮ್ಮ, ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಬರೆದಿದ್ದು."

ಮುಂದೆ ನಾನು ಅದೇ ವಿಭಾಗದಲ್ಲಿ ಅಧ್ಯಾಪಕಿಯಾದೆ. ವಿದೇಶ ಸುತ್ತಿ ಬಂದ ಅಳಿಯನೇ ಆಗ ಮುಖ್ಯಸ್ಥ. ನನಗೂ ಸ್ವಿಟ್ಜರ್ಲೆಂಡಿನಲ್ಲಿ ಸಂಶೋಧನೆಯ ಕೆಲಸ ಸಿಕ್ಕಿತು. ರಜೆಗೆ ಸಹಿ ಹಾಕದೆ ಆತ ಇವತ್ತು ನಾಳೆ ಎನ್ನುತ್ತಲೇ ಇದ್ದ. ವಿಷಯ ತಿಳಿದ ಅಕ್ಕ ಉಗ್ರಾಣಕ್ಕೆ ಬೀಗ ಹಾಕಿ ಬಂದು, ಅವನ ಮೇಜಿನೆದುರು ಕುರ್ಚಿ ಎಳೆದು ಕೂತರು.

"ಈ ಹುಡುಗೀಗೂ ಮದುವೆ ಗೊತ್ತು ಮಾಡಿದೀರಾ ಸಾರ್? ಸಹಿ ಆಗೋವರೆಗೂ ನಾನಿಲ್ಲೇ ಕೂತಿರ್ತೀನಿ."

ಆತ ಮುಖವೆತ್ತದೆ ಸಹಿ ಹಾಕಿದ. ನಾನು ಹೋದೆ, ಕೆಲಸ ಮಾಡಿದೆ, ಹೆಸರು ಮಾಡಿ ಮರಳಿದೆ. ಅವರು ನಿವೃತ್ತರಾಗುವವರೆಗೆ ಬಾಟಲಿಗಳ ನಡುವೆಯೇ ಇದ್ದರು.

ಅಕ್ಕ ತೀರಿಕೊಂಡಾಗ ಕಾಲೇಜಿನಲ್ಲಿ ಸಂತಾಪ ಸಭೆ ನಡೆಯಿತು. ಆ ಅಳಿಯನೇ ಮೊದಲು ಮಾತನಾಡಿ, ಅವರು ತಾಳ್ಮೆಯ ಮೂರ್ತಿ, ಯಾವ ಆಸೆಯೂ ಇಲ್ಲದ ಜೀವ ಎಂದ. ನನಗೆ ಕೂರಲಾಗಲಿಲ್ಲ.

"ಅವರಿಗೆ ತಾಳ್ಮೆ ಇರಲಿಲ್ಲ ಸಾರ್, ಸಿಟ್ಟಿತ್ತು," ಎಂದೆ. "ಆಸೇನೂ ಇತ್ತು. ಅದನ್ನ ತಗೊಂಡು ಹೋದವರು ನೀವು."

ಯಾರೋ ನನ್ನ ಸೆರಗು ಜಗ್ಗಿ ಕೂರಿಸಲು ನೋಡಿದರು. ನಾನು ಬಿಡಿಸಿಕೊಂಡು ಹೊರಬಂದೆ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ಇಳಿಯಲಿ ಎಂಬ ಆಸೆಯೂ ನನಗಿಲ್ಲ.