ಬಚ್ಚಲಲ್ಲಿ ಐದು ಚಳಿಗಾಲ

ವೆಂಡ್ಲಾ ಹಾಕಲಾ ತನ್ನ ಜಮೀನಿನಲ್ಲಿ ಎಲ್ಲಕ್ಕಿಂತ ಮೊದಲು ಕಟ್ಟಿಸಿದ್ದು ಬಚ್ಚಲು. ನಗಬೇಡಿ. ಮಿನ್ನೆಸೋಟದ ಉತ್ತರದ ಕಾಡಿಗೆ ಬಂದ ನಮ್ಮ ಫಿನ್ನಿಷ್ ಜನರಲ್ಲಿ ಹಾಗೆ ಮಾಡದವರು ಯಾರಿದ್ದಾರೆ ತೋರಿಸಿ! ಮೊದಲು ಸೌನಾ, ಆಮೇಲೆ ಕೊಟ್ಟಿಗೆ, ಆಮೇಲೆ ಹುಲ್ಲು ತುಂಬಿಡುವ ಗುಡಿಸಲು, ಕಟ್ಟಕಡೆಗೆ ಮನೆ. ಸೌನಾ ಅಂದರೆ ಹಬೆಯ ಬಚ್ಚಲು: ದಿಮ್ಮಿಯ ಗೋಡೆ, ಒಂದೇ ಕೋಣೆ, ಮೂಲೆಯಲ್ಲೊಂದು ಕಲ್ಲಿನ ಒಲೆ. ಶನಿವಾರ ಕಾದ ಕಲ್ಲಿಗೆ ನೀರು ಚೆಲ್ಲಿ ಹಬೆಯಲ್ಲಿ ಮೀಯುವುದು, ಉಳಿದ ಆರು ದಿನ ಅಲ್ಲೇ ಅಡುಗೆ, ಅಲ್ಲೇ ನಿದ್ದೆ. ಮಂಜು ಎದೆಮಟ್ಟ ಬೀಳುವ ಕಡೆ ಅದಕ್ಕಿಂತ ಬೆಚ್ಚನೆಯ ಜಾಗ ಇನ್ನೊಂದಿಲ್ಲ.

ಸಾವಿರದ ಒಂಬೈನೂರ ನಾಲ್ಕನೆಯ ಇಸವಿಯ ವಸಂತದಲ್ಲಿ ಅವಳೂ ಗಂಡ ಇವಾರಿಯೂ ಬಂದಾಗ ಸರ್ಕಾರದ ಕರಾರು ಸರಳವಾಗಿತ್ತು. ನೂರರವತ್ತು ಎಕರೆ ಕಾಡು. ಐದು ವರ್ಷ ಅಲ್ಲೇ ವಾಸ ಮಾಡಿ, ಕಡಿದು, ಉತ್ತು, ಮನೆ ಕಟ್ಟಿ, ಇಬ್ಬರು ಸಾಕ್ಷಿಗಳ ಕೈಲಿ ಹೇಳಿಸಿದರೆ ನೆಲ ನಿಮ್ಮದು. ಆ ಶರತ್ಕಾಲದಲ್ಲೇ ಸೌನಾದ ಹಲಗೆಯ ಮೇಲೆ ಮಗಳು ಸೈಮಿ ಹುಟ್ಟಿದಳು. ಸೂಲಗಿತ್ತಿ ಫ್ರೆಡ್ರಿಕಾ ಎಂಟು ಮೈಲಿ ಕೆಸರು ತುಳಿದು ಬಂದು ಹೆರಿಗೆ ಮಾಡಿಸಿದಳು. ಮೂರನೆಯ ಚಳಿಗಾಲ ಮರ ಕಡಿಯುವ ಶಿಬಿರದಲ್ಲಿ ಇವಾರಿಯ ಮೇಲೆ ಮರ ಉರುಳಿತು; ಅವನು ಉಳಿಯಲಿಲ್ಲ.

ಊರಿಗೆ ಹೊರಟುಬಿಡು ಎಂದವರು ಬಹಳ ಮಂದಿ. ವೆಂಡ್ಲಾ ಹೋಗಲಿಲ್ಲ. ಹೋಗುವುದಾದರೂ ಎಲ್ಲಿಗೆ? ಅಲ್ಲಿ ಅವಳಪ್ಪ ಇನ್ನೊಬ್ಬರ ಹೊಲದಲ್ಲಿ ದುಡಿದೇ ಸತ್ತವನು. ಇಲ್ಲಿ ಅವಳು ಬೇರು ಕಿತ್ತ ಮಣ್ಣಿನಲ್ಲಿ ಆಲೂಗಡ್ಡೆ ಬೆಳೆಯುತ್ತಿತ್ತು. ಮೊದಲ ಸಲ ಸ್ವಂತ ಹೊಲದ ರೈ ಧಾನ್ಯದ ರೊಟ್ಟಿ ಸುಟ್ಟ ದಿನ ಒಲೆಯ ಮುಂದೆ ಕೂತು, ಮೊಸರಿನಲ್ಲಿ ಅದ್ದಿಕೊಂಡು ಒಂದಿಡೀ ರೊಟ್ಟಿಯನ್ನು ತಾನೊಬ್ಬಳೇ ತಿಂದು ಮುಗಿಸಿದ್ದಳು. ಪಕ್ಕದ ಜಮೀನಿನ ಟಾವೆಟ್ಟಿ, ಮದುವೆಯಿಲ್ಲದ, ನಾಲಿಗೆಗೆ ಲಗಾಮಿಲ್ಲದ ಮುದುಕ, ಬಾಯ್ತುಂಬ ಬೈಯುತ್ತಲೇ ಅವಳ ಹುಲ್ಲು ಕೊಯ್ದು ಕೊಡುತ್ತಿದ್ದ. ಈ ಜನರ ಋಣ ಯಾವ ಜನ್ಮದಲ್ಲಿ ತೀರಿಸಲಿ ಎಂದು ಅವಳು ಎಷ್ಟೋ ಸಲ ಅಂದುಕೊಂಡಿದ್ದಳು.

ಮನೆಗೆಂದು ಇವಾರಿ ಕಡಿದು ಒಣಗಲಿಟ್ಟಿದ್ದ ದಿಮ್ಮಿಗಳಿದ್ದವು. ನಾಲ್ಕನೆಯ ಚಳಿಗಾಲ ಮಂಜಿನ ಭಾರಕ್ಕೆ ಕೊಟ್ಟಿಗೆ ಕುಸಿದಾಗ ವೆಂಡ್ಲಾ ಆ ದಿಮ್ಮಿಗಳನ್ನೇ ತೆಗೆದು ಕೊಟ್ಟಿಗೆ ಎಬ್ಬಿಸಿದಳು. ಹಸು ಸತ್ತರೆ ಮಗು ಏನು ಕುಡಿಯಬೇಕು? ಮನೆ ಮುಂದಿನ ವರ್ಷವಾದೀತು.

ಆ ಮುಂದಿನ ವರ್ಷವೇ ಸರ್ಕಾರದ ಪರಿಶೀಲಕ ಬಂದ. ಸೊಳ್ಳೆ ಹೊಡೆದುಕೊಳ್ಳುತ್ತಾ ಹೊಲ ನೋಡಿದ, ಹಸು ನೋಡಿದ, ತಲೆದೂಗಿದ.

"ಎಲ್ಲ ಚೆನ್ನಾಗಿದೆ ಕಣಮ್ಮ. ಮನೆ ಎಲ್ಲಿ?"

ವೆಂಡ್ಲಾ ಹೆಮ್ಮೆಯಿಂದ ಸೌನಾ ತೋರಿಸಿದಳು. ಅವನು ಒಳಗೆ ಬಗ್ಗಿ ನೋಡಿದ.

"ಇದು ಬಚ್ಚಲಲ್ವೇನಮ್ಮ? ಕಾನೂನು ಕೇಳೋದು ವಾಸದ ಮನೆ."

ಪಾಪ, ಕೆಟ್ಟವನಲ್ಲ, ಟೋಪಿ ತೆಗೆದೇ ಹೇಳಿದ. ಆದರೆ ಪುಸ್ತಕದಲ್ಲಿ 'ಮನೆ ಇಲ್ಲ' ಎಂದು ಬರೆದುಕೊಂಡ. ಒಂಬತ್ತು ದಿನಕ್ಕೆ ಪಟ್ಟಣದಲ್ಲಿ ವಿಚಾರಣೆ. ಮನೆ ಇಲ್ಲವೆಂದಾದರೆ ಜಮೀನು ವಾಪಸ್ಸು.

ವೆಂಡ್ಲಾ ಎದ್ದೂಬಿದ್ದೂ ಟಾವೆಟ್ಟಿಯ ಹತ್ತಿರ ಓಡಿದಳು.

"ಒಂಬತ್ತು ದಿನದಲ್ಲಿ ಮನೆನಾ?" ಎಂದ ಅವನು. "ಹಸಿ ಮರದಲ್ಲಿ? ನನ್ನ ಹೆಣದ ಪೆಟ್ಟಿಗೆಗೂ ಹಸಿ ಮರ ಹಾಕ್ಬೇಡಿ ಅಂದಿದೀನಿ ನಾನು. ಮನೆ ಕಟ್ಟಿ ನೋಡು ಅಂತ ಸುಮ್ನೆ ಹೇಳ್ತಾರಾ?"

"ಕಟ್ಟೋದು ಬೇಡ. ಸಾಕ್ಷಿಗೆ ನೀನೇ ಅಲ್ವಾ ಬರೋದು? ಮನೆ ಇದೆ ಅಂತ ಒಂದು ಮಾತು ಹೇಳ್ಬಿಡು."

"ಬೈಬಲ್ ಮೇಲೆ ಕೈ ಇಟ್ಟು ಸುಳ್ಳಾ? ಆಗಲ್ಲ ತಾಯಿ."

"ಇಷ್ಟು ವರ್ಷ ಬಾಯಿಗೆ ಬಂದಿದ್ದೆಲ್ಲ ಬೊಗಳಿದೀಯ, ನನಗೋಸ್ಕರ ಒಂದು ಮಾತು ಬರಲ್ವಾ?"

"ಬರಲ್ಲ."

"ಹಾಳಾಗಿ ಹೋಗು!"

ಅಂದಿನಿಂದ ಅವಳು ಅವನ ಜೊತೆ ಮಾತು ಬಿಟ್ಟಳು. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ತಾನು ಕಿತ್ತ ಒಂದೊಂದು ಬೇರೂ ಅವಳಿಗೆ ನೆನಪಿತ್ತು. ಬೇರೆ ಸಾಕ್ಷಿ ಹುಡುಕೋಣವೆಂದರೆ ಹೆಸರುಗಳನ್ನು ಮೊದಲೇ ಬರೆದು ಕೊಟ್ಟಾಗಿತ್ತು: ಟಾವೆಟ್ಟಿ, ಫ್ರೆಡ್ರಿಕಾ.

ವಿಚಾರಣೆಯ ದಿನ ಕನ್ನಡಕದ ಅಧಿಕಾರಿಯೊಬ್ಬ ದುಭಾಷಿಯ ಮೂಲಕ ಕೇಳಿದ.

"ಈಕೆಯ ಜಮೀನಿನಲ್ಲಿ ಮನೆ ಇದೆಯಾ?"

"ಇಲ್ಲ," ಎಂದ ಟಾವೆಟ್ಟಿ.

ವೆಂಡ್ಲಾಗೆ ಕಣ್ಣು ಕತ್ತಲೆ ಬಂತು. ಮುಗಿಯಿತು, ಎಲ್ಲ ಮುಗಿಯಿತು.

"ಹಾಗಾದ್ರೆ ಐದು ವರ್ಷ ಎಲ್ಲಿದ್ಲು?"

"ಸೌನಾದಲ್ಲಿ. ಐದು ಚಳಿಗಾಲ, ಒಂದು ರಾತ್ರೀನೂ ತಪ್ಪಿಸದೆ. ಮನೆಗೆ ಅಂತ ಇಟ್ಟಿದ್ದ ಮರ ಹಸುಗೆ ಹಾಕಿದ್ಲು, ತಾನು ಅಲ್ಲೇ ಉಳಿದ್ಲು. ನನಗೆ ಜ್ವರ ಬಂದಾಗ ಎತ್ಕೊಂಡು ಹೋಗಿ ಮಲಗಿಸಿದ್ದೂ ಅಲ್ಲೇ, ಹದಿನಾಲ್ಕು ದಿನ. ತಾಯಿ ಮಗು ನೆಲದ ಮೇಲೆ, ಹಲಗೆ ನನಗೆ. ನೀವು ಅದನ್ನ ಏನಂತ ಬೇಕಾದ್ರೂ ಬರ್ಕೊಳ್ಳಿ ಸ್ವಾಮಿ. ಅವಳಿಲ್ದಿದ್ರೆ ಇಲ್ಲಿ ನಿಂತು ಮಾತಾಡೋಕೆ ನಾನೇ ಇರ್ತಿರಲಿಲ್ಲ."

ಟಾವೆಟ್ಟಿ ಒಂದೂ ಬೈಗುಳವಿಲ್ಲದೆ ಇಷ್ಟು ಮಾತಾಡಿದ್ದನ್ನು ಯಾರೂ ಅದುವರೆಗೆ ಕಂಡಿರಲಿಲ್ಲ.

ಫ್ರೆಡ್ರಿಕಾ ಎದ್ದು ನಿಂತಳು. "ಅವನು ಹೇಳಿದ್ದು ನಿಜ. ಹೆರಿಗೆ ಮಾಡಿಸಿದ್ದೂ ಅಲ್ಲೇ. ಇವಾರಿ ಹೆಣಾನೂ ಅಲ್ಲೇ ತೊಳೆದ್ವಿ, ಅವಳೂ ನಾನೂ. ನಮ್ಮಲ್ಲಿ ಹುಟ್ಟೋದೂ ಅಲ್ಲೇ, ಹೋಗೋವಾಗ ಮೈ ತೊಳೆಯೋದೂ ಅಲ್ಲೇ."

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡ. ಬಹಳ ಹೊತ್ತು ಒರೆಸಿದ.

"ಬಾಗಿಲು ಎಷ್ಟು?"

"ಒಂದು," ಎಂದಳು ಫ್ರೆಡ್ರಿಕಾ.

"ಕಿಟಕಿ?"

"ಒಂದು. ಚಿಕ್ಕದು."

ಅವನು ಬರೆದುಕೊಂಡು ಗಟ್ಟಿಯಾಗಿ ಓದಿದ: "ದಿಮ್ಮಿಯ ಮನೆ, ಒಂದು. ವಾಸ, ಐದು ವರ್ಷ." ಓದಿ ಠಸ್ಸೆ ಒತ್ತಿದ.

ಹೊರಗೆ ಬಂದ ಮೇಲೆ ವೆಂಡ್ಲಾ ಮೆಟ್ಟಿಲ ಮೇಲೇ ಕೂತು ಅತ್ತಳು. ಸಾಕಷ್ಟು ಅತ್ತು, ಸೆರಗಿನಂಥ ತಲೆವಸ್ತ್ರದಲ್ಲಿ ಮೂಗು ಒರೆಸಿಕೊಂಡು ಟಾವೆಟ್ಟಿಯ ಕೈ ಹಿಡಿದಳು. ಆ ಹದಿನಾಲ್ಕು ದಿನ ಅವಳಿಗೆ ಮರೆತೇಹೋಗಿತ್ತು.

"ನಿನ್ನ ಕೈಲಿ ಸುಳ್ಳು ಹೇಳಿಸೋಕೆ ಹೊರಟಿದ್ನಲ್ಲೋ. ತಪ್ಪಾಯ್ತು. ಒಂಬತ್ತು ದಿನ ಮಾತೂ ಬಿಟ್ಟೆ."

"ಗೊತ್ತು," ಎಂದ ಟಾವೆಟ್ಟಿ, ಕೈ ಬಿಡಿಸಿಕೊಳ್ಳದೆ. "ಕಿವಿಗೆ ಒಳ್ಳೇ ವಿಶ್ರಾಂತಿ ಸಿಕ್ಕಿತ್ತು. ಆದ್ರೆ ಇನ್ನು ಸಾಕು, ಮಾತಾಡು."